ಸಾಲದ ಲೆಕ್ಕ, ಮತದ ಲೆಕ್ಕ

ವಯನಾಡಿನ ರೈತ ಯಾವ ಪಕ್ಷದವನು? ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸಾಲದ ಪುಸ್ತಕ ಬರೆದ ನನಗೆ, ಉತ್ತರ ಆ ಪುಸ್ತಕದಲ್ಲೇ ಇದೆ ಎನಿಸುತ್ತದೆ.

ನಮ್ಮ ಬದುಕು ಕಾಫಿ, ಕರಿಮೆಣಸಿನದು. 2000ದ ಹೊತ್ತಿಗೆ ಎರಡರ ಬೆಲೆಯೂ ಕುಸಿಯಿತು. ಬಳ್ಳಿಗೆ ಸೊರಗು ರೋಗ ಬಂತು. ಸಾಲ ತೀರಿಸಲಾಗದೆ ಅನೇಕರು ಪ್ರಾಣ ಕಳೆದುಕೊಂಡರು.

2001ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಮೂರು ಸ್ಥಾನಗಳೂ ಐಕ್ಯರಂಗಕ್ಕೆ ಹೋಗಿದ್ದವು. 2006ರಲ್ಲಿ ಮೂರೂ ಎಡರಂಗಕ್ಕೆ ಬಂದವು. ಹೊಸ ಸರ್ಕಾರ ರೈತರ ಸಾಲ ಪರಿಹಾರ ಆಯೋಗದ ಕಾನೂನು ತಂದಿತು. ಅದೇ ವರ್ಷ ಕೇಂದ್ರದ ಪರಿಹಾರ ಯೋಜನೆಗೆ ವಯನಾಡಿನ ಜೊತೆ ಕಾಸರಗೋಡು, ಗಡಿಯಾಚೆಯ ಕೊಡಗೂ ಸೇರಿದವು. 2008ರಲ್ಲಿ ಕೇಂದ್ರ ಸರ್ಕಾರ ಸಣ್ಣ ರೈತರ ಸಾಲ ಮನ್ನಾ ಮಾಡಿತು. 2009ರ ಲೋಕಸಭೆಗೆ ವಯನಾಡು ಕಾಂಗ್ರೆಸ್ಸಿನ ಎಂ.ಐ. ಶಾನವಾಸರನ್ನು ಒಂದೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿತು. 2011ರಲ್ಲಿ ಮೂರು ವಿಧಾನಸಭಾ ಸ್ಥಾನಗಳೂ ಮತ್ತೆ ಐಕ್ಯರಂಗಕ್ಕೆ!

ರೈತನಿಗೆ ನಿಷ್ಠೆಯಿಲ್ಲ ಎಂದು ಪೇಟೆಯವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ನಮ್ಮ ಪುಸ್ತಕದಲ್ಲಿ ಹೆಸರು, ಸರ್ವೆ ನಂಬರು, ಬಾಕಿ ಇಷ್ಟೇ ಇರುತ್ತಿತ್ತು. ಪಕ್ಷದ ಕಾಲಮು ಇರಲಿಲ್ಲ. ಎರಡೂ ರಂಗದವರು ಒಂದೇ ಬೆಂಚಿನಲ್ಲಿ ಕುಳಿತು ವಾಯಿದೆ ಕೇಳುತ್ತಿದ್ದರು. ಅವರ ನಿಷ್ಠೆ ತೋಟಕ್ಕೆ. ಸರ್ಕಾರಕ್ಕೆ ಅವರು ಕೊಡುವುದು ಐದು ವರ್ಷದ ವಾಯಿದೆ ಮಾತ್ರ.