ಗತ್ತು, ರೂಪ, ರಂಜನೆ, ಸೇವೆ: ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ಯಕ್ಷಗಾನದಲ್ಲಿ ಸೌಂದರ್ಯಚಿಂತನೆ

ಭಾರತೀಯ ಸೌಂದರ್ಯಮೀಮಾಂಸೆಯ ಇತಿಹಾಸವನ್ನು ಬರೆಯುವಾಗ ಸಾಮಾನ್ಯವಾಗಿ ಗ್ರಂಥಗಳನ್ನೇ ಆಧಾರವಾಗಿ ಇರಿಸಿಕೊಳ್ಳಲಾಗುತ್ತದೆ. ಭರತನ ನಾಟ್ಯಶಾಸ್ತ್ರ, ಆನಂದವರ್ಧನನ ಧ್ವನ್ಯಾಲೋಕ, ಅಭಿನವಗುಪ್ತನ ವ್ಯಾಖ್ಯಾನಗಳು, ಕನ್ನಡದ ಕವಿರಾಜಮಾರ್ಗ ಇವೆಲ್ಲ ಶಾಸ್ತ್ರಕಾರರ ವಿಚಾರವನ್ನು ದಾಖಲಿಸಿವೆ. ಆದರೆ ಚೆಲುವು ಎಂದರೇನು, ಹಾಡು ಯಾವಾಗ ಹಾಡಾಗುತ್ತದೆ, ವೇಷಕ್ಕೆ ಕಳೆ ಬರುವುದು ಹೇಗೆ ಎಂಬ ಪ್ರಶ್ನೆಗಳನ್ನು ಗ್ರಂಥ ಬರೆಯದ ಸಮುದಾಯಗಳೂ ಕೇಳಿಕೊಂಡಿವೆ. ತಮ್ಮದೇ ರೀತಿಯಲ್ಲಿ ಉತ್ತರವನ್ನೂ ಕಂಡುಕೊಂಡಿವೆ. ಉತ್ತರದ ಶಿರೂರಿನಿಂದ ದಕ್ಷಿಣದ ಬ್ರಹ್ಮಾವರದವರೆಗೆ, ಸೌಪರ್ಣಿಕಾ, ವಾರಾಹಿ, ಸೀತಾ ನದಿಗಳ ನಡುವೆ ಹರಡಿರುವ ಕರಾವಳಿಯ ಪಟ್ಟಿಯು ಇದಕ್ಕೊಂದು ಒಳ್ಳೆಯ ನಿದರ್ಶನ. ಹಿಂದೆ ಕುಂದಾಪುರ, ಉಡುಪಿ ತಾಲೂಕುಗಳಲ್ಲಿ ಹಂಚಿಹೋಗಿದ್ದ ಈ ಪ್ರದೇಶದಲ್ಲಿ 2018ರಲ್ಲಿ ಬೈಂದೂರು, ಬ್ರಹ್ಮಾವರ ಎಂಬ ಪ್ರತ್ಯೇಕ ತಾಲೂಕುಗಳು ರೂಪುಗೊಂಡವು. ಆಡಳಿತದ ಗಡಿ ಬದಲಾದರೂ ಬಡಗುತಿಟ್ಟಿನ ಯಕ್ಷಗಾನವು ಇದನ್ನು ಒಂದೇ ಸಾಂಸ್ಕೃತಿಕ ಘಟಕವಾಗಿ ಉಳಿಸಿದೆ. ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ನಡೆದ ಕಲಾಚರ್ಚೆಯಲ್ಲಿ ಕನಿಷ್ಠ ನಾಲ್ಕು ನಿಲುವುಗಳನ್ನು ಗುರುತಿಸಬಹುದು. ಇವುಗಳಲ್ಲಿ ಒಂದು ಮಾತ್ರ ವಿಸ್ತಾರವಾಗಿ ಬರಹಕ್ಕೆ ಇಳಿಯಿತು. ಉಳಿದವು ರಂಗಸ್ಥಳದಲ್ಲಿಯೇ ಉಳಿದವು.

ಬ್ರಹ್ಮಾವರದ ಹಳೆಯ ಹೆಸರು ಅಜಪುರ. ಅಜಪುರದ ವಿಷ್ಣುವಿನ ಹೆಸರಿನಲ್ಲಿ ದೊರೆತ ‘ವಿರಾಟಪರ್ವ’ವನ್ನು ವಿದ್ವಾಂಸರು ಅತ್ಯಂತ ಹಳೆಯ ಯಕ್ಷಗಾನ ಪ್ರಸಂಗಗಳ ಸಾಲಿನಲ್ಲಿ ಇರಿಸಿದ್ದಾರೆ. ರಾಮಾಯಣದ ಪ್ರಸಂಗಗಳನ್ನು ರಚಿಸಿದ ಸುಬ್ಬನು ಅಜಪುರದವನೋ ಕುಂಬಳೆ ಸೀಮೆಯ ಪಾರ್ತಿಸುಬ್ಬನೋ ಎಂಬ ವಿಷಯದಲ್ಲಿ ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟ ಮೊದಲಾದವರ ನಡುವೆ ದೀರ್ಘವಾದ ವಾದವೇ ನಡೆಯಿತು. ಕರ್ತೃವಿನ ಊರನ್ನು ನಿರ್ಣಯಿಸುವ ಈ ವಾದದ ಭರದಲ್ಲಿ, ಪ್ರಸಂಗಗಳ ರಚನೆಯೊಳಗೇ ಅಡಗಿರುವ ಕಲಾತತ್ತ್ವವು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಪ್ರಸಂಗದ ಪ್ರತಿಯೊಂದು ಪದ್ಯದ ನೆತ್ತಿಯ ಮೇಲೆ ರಾಗ, ತಾಳಗಳ ಸೂಚನೆಯಿರುತ್ತದೆ. ಪಾತ್ರಗಳ ಸಂಭಾಷಣೆಯನ್ನು ಕವಿ ಬರೆದಿರುವುದಿಲ್ಲ. ಕುಣಿತದ ವಿವರವೂ ಇರುವುದಿಲ್ಲ. ಅಂದರೆ ಕೃತಿಯು ಒಂದು ಆವರಣವನ್ನಷ್ಟೇ ಕಟ್ಟಿಕೊಟ್ಟು, ಅದನ್ನು ತುಂಬುವ ಹೊಣೆಯನ್ನು ಭಾಗವತ, ವೇಷಧಾರಿ, ಮದ್ದಳೆಗಾರ, ಚಂಡೆಗಾರರಿಗೆ ಬಿಡುತ್ತದೆ. ಒಂದು ಪದ್ಯದ ಚೆಲುವು ಓಲೆಯ ಮೇಲೆ ಪೂರ್ಣಗೊಳ್ಳುವುದಿಲ್ಲ ಎಂಬ ತಿಳಿವು ಈ ರಚನೆಯಲ್ಲಿಯೇ ಇದೆ.

ಈ ತಿಳಿವು ಬೆಳೆದದ್ದು ಕಲಾವಿದರ ಮನೆತನಗಳಲ್ಲಿ ಮತ್ತು ಮೇಳಗಳಲ್ಲಿ. ಬ್ರಹ್ಮಾವರದ ಆಸುಪಾಸಿನ ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ಗ್ರಾಮಗಳು ಬಡಗುತಿಟ್ಟಿನ ಎರಡು ಶೈಲಿಗಳಿಗೆ ಹೆಸರು ಕೊಟ್ಟಿವೆ. ಹಾರಾಡಿ ರಾಮ ಗಾಣಿಗರ ಹೆಸರಿನೊಡನೆ ಬೆಸೆದುಕೊಂಡಿರುವ ಶೈಲಿಯಲ್ಲಿ ಗಂಭೀರವಾದ ನಿಲುವು, ಮಿತವಾದ ಚಲನೆಗಳಿಗೆ ಪ್ರಾಧಾನ್ಯ. ವೀರಭದ್ರ ನಾಯಕರು ಪ್ರತಿನಿಧಿಸಿದ ಮಟಪಾಡಿ ಶೈಲಿಯಲ್ಲಿ ಹೆಜ್ಜೆಗಾರಿಕೆಯ ಚುರುಕು, ಲಯದ ಸೂಕ್ಷ್ಮತೆಗಳಿಗೆ ಹೆಚ್ಚಿನ ಬೆಲೆ. ನಡೆದು ಹೋಗಬಹುದಾದಷ್ಟು ಹತ್ತಿರದ ಊರುಗಳಲ್ಲಿ ಎರಡು ಭಿನ್ನ ಆದರ್ಶಗಳು ಬೆಳೆದವೆಂದರೆ, ಅಲ್ಲಿ ಆಯ್ಕೆಯೂ ವಿವೇಚನೆಯೂ ಇದ್ದುವೆಂದೇ ಅರ್ಥ. ‘ಗತ್ತು’, ‘ಮಟ್ಟು’, ‘ಹದ’, ‘ಕಳೆ’ ಎಂಬ ಮಾತುಗಳು ಈ ವಿವೇಚನೆಯ ಪರಿಭಾಷೆ. ಮಟ್ಟು ಎಂದರೆ ಪದ್ಯವನ್ನು ಹಾಡುವ ಸಂಪ್ರದಾಯಸಿದ್ಧ ಧಾಟಿ. ಗತ್ತು ಎಂದರೆ ಪಾತ್ರದ ಘನತೆಯು ನಿಲುವಿನಲ್ಲಿಯೂ ನಡೆಯಲ್ಲಿಯೂ ಕಾಣುವ ಬಗೆ. ಮಾರ್ವಿ ನಾರ್ಣಪ್ಪ ಉಪ್ಪೂರರಂಥ ಭಾಗವತರು ಮಟ್ಟನ್ನು ಕಾಯ್ದುಕೊಂಡು ಹಾಡಿದವರೆಂಬ ಗೌರವಕ್ಕೆ ಪಾತ್ರರಾದರು. ನವರಾತ್ರಿಯ ಸಮಯದಲ್ಲಿ ಮಕ್ಕಳು ಮನೆಮನೆಗೆ ಹೋಗಿ ನಡೆಸಿಕೊಡುವ ಹೂವಿನಕೋಲಿನ ಪದ್ಧತಿಯು ಇಲ್ಲಿಯ ಜನರ ಕಿವಿಯನ್ನು ಎಳವೆಯಲ್ಲಿಯೇ ಹದಗೊಳಿಸುತ್ತಿತ್ತು. ಪ್ರೇಕ್ಷಕರೂ ಹೀಗೆ ತರಬೇತಿ ಹೊಂದಿದ್ದುದರಿಂದ ಒಂದು ಹೆಜ್ಜೆ ತಪ್ಪಿದರೂ ಗುರುತಿಸುವವರು ರಂಗಸ್ಥಳದ ಮುಂದೆ ಇರುತ್ತಿದ್ದರು.

ಈ ಪರಂಪರೆಗೆ ಬರಹದ ರೂಪದ ಸೌಂದರ್ಯಸಿದ್ಧಾಂತವನ್ನು ಒದಗಿಸಿದವರು ಕೋಟದಲ್ಲಿ 1902ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕಾರಂತರ ದೃಷ್ಟಿಯಲ್ಲಿ ಯಕ್ಷಗಾನವು ನಿತ್ಯಲೋಕದ ಅನುಕರಣೆಯಲ್ಲ; ಅದು ಅದ್ಭುತದ, ಕಲ್ಪನೆಯ ಲೋಕ. ಅಭಿಮನ್ಯು, ಬಭ್ರುವಾಹನರ ಕೇದಗೆ ಮುಂದಲೆ, ಕರ್ಣ, ಅರ್ಜುನರ ದೊಡ್ಡ ಮುಂಡಾಸು, ರಾಕ್ಷಸನ ಮುಖವನ್ನು ಮನುಷ್ಯಮುಖದಿಂದ ದೂರಕ್ಕೆ ಒಯ್ಯುವ ಬಣ್ಣಗಾರಿಕೆ, ತೆರೆಯ ಹಿಂದಿನಿಂದ ಹಂತಹಂತವಾಗಿ ಪ್ರಕಟವಾಗುವ ಒಡ್ಡೋಲಗ ಇವೆಲ್ಲವೂ ಸೇರಿ ಆ ಲೋಕವನ್ನು ನಿರ್ಮಿಸುತ್ತವೆ. ಅಲ್ಲಿಗೆ ಸಾಮಾಜಿಕ ನಾಟಕದ ಉಡುಪು, ಸಿನಿಮಾದ ಧಾಟಿ, ಮನೆಮಾತಿನ ಹಾಸ್ಯಗಳು ಪ್ರವೇಶಿಸಿದರೆ ರೂಪದ ಏಕತೆ ಒಡೆಯುತ್ತದೆ. ಭರತನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಮಾಡಿದ ವಿಭಾಗವನ್ನು ಇಲ್ಲಿ ನೆನೆಯಬಹುದು. ಕಾರಂತರ ಒಲವು ಪೂರ್ಣವಾಗಿ ನಾಟ್ಯಧರ್ಮಿಯ ಕಡೆಗಿತ್ತು. ಸಂಗೀತದ ವಿಷಯದಲ್ಲಿಯೂ ಯಕ್ಷಗಾನಕ್ಕೆ ಕರ್ನಾಟಕ, ಹಿಂದುಸ್ತಾನಿ ಪದ್ಧತಿಗಳಿಂದ ಭಿನ್ನವಾದ ಸ್ವಂತ ಗಾನಶೈಲಿಯಿದೆ ಎಂಬುದು ಅವರ ಖಚಿತವಾದ ಅಭಿಪ್ರಾಯವಾಗಿತ್ತು.

ಕಾರಂತರು ಸಿದ್ಧಾಂತವನ್ನು ಬರೆದು ಸುಮ್ಮನಾಗಲಿಲ್ಲ. ‘ಯಕ್ಷರಂಗ’ದ ಪ್ರಯೋಗಗಳಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿದರು. ಇಡೀ ರಾತ್ರಿಯ ಆಟವನ್ನು ಕೆಲವು ಗಂಟೆಗಳಿಗೆ ಇಳಿಸಿದರು. ಮಾತನ್ನು ಕೈಬಿಟ್ಟು ಗಾನ, ನೃತ್ಯ, ವೇಷಗಳ ಮೂಲಕವೇ ಕಥೆಯನ್ನು ನಿರೂಪಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನುಗಳನ್ನು ಸೇರಿಸಿದರು. ವೇಷದಲ್ಲಿ ಸಂಪ್ರದಾಯವನ್ನು ಬಿಗಿಯಾಗಿ ಹಿಡಿದವರು ವಾದ್ಯದಲ್ಲಿ ಪರದೇಶದ ಉಪಕರಣವನ್ನು ಒಪ್ಪಿದ್ದು ಮೇಲ್ನೋಟಕ್ಕೆ ವಿರೋಧಾಭಾಸವಾಗಿ ಕಾಣುತ್ತದೆ. ಆದರೆ ಅವರು ರಕ್ಷಿಸಹೊರಟದ್ದು ರೂಪದ ಒಳಗಿನ ಹೊಂದಾಣಿಕೆಯನ್ನೇ ಹೊರತು ವಸ್ತುಗಳ ಹಳಮೆಯನ್ನಲ್ಲ ಎಂಬುದನ್ನು ಗಮನಿಸಿದರೆ ಈ ತೊಡಕು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಪರಿಹಾರವಾಗದೆ ಉಳಿಯುವುದು ಮಾತಿನ ಪ್ರಶ್ನೆ. ಯಕ್ಷಗಾನದ ಅರ್ಥಗಾರಿಕೆಯು ಪದ್ಯವನ್ನು ಆಧರಿಸಿ ಕಲಾವಿದನು ಆ ಕ್ಷಣದಲ್ಲಿಯೇ ಕಟ್ಟುವ ಗದ್ಯ. ವೇಷವಾಗಲಿ ಕುಣಿತವಾಗಲಿ ಇಲ್ಲದ ತಾಳಮದ್ದಳೆಯು ಈ ಮಾತಿನ ಬಲದಿಂದಲೇ ರಾತ್ರಿಯಿಡೀ ಸಭೆಯನ್ನು ಹಿಡಿದಿಡಬಲ್ಲದು. ಕರ್ಣನ ಸಂದಿಗ್ಧ, ವಾಲಿಯ ಪ್ರಶ್ನೆ, ಭೀಷ್ಮನ ಪ್ರತಿಜ್ಞೆಗಳ ನೈತಿಕ ತೊಡಕುಗಳನ್ನು ಓದುಬರಹ ಬಾರದ ಕೇಳುಗರೂ ವಿಚಾರಿಸುವಂತಾದದ್ದು ಅರ್ಥಗಾರಿಕೆಯಿಂದ. ಆದುದರಿಂದ ಮಾತನ್ನು ತೆಗೆದಾಗ ದೃಶ್ಯದ ಏಕತೆ ಉಳಿದರೂ ಕಲೆಯ ವೈಚಾರಿಕ ಅಂಗವೊಂದು ಲೋಪವಾಗುತ್ತದೆ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಇದೇ ಪ್ರಶ್ನೆಯ ಮೇಲೆ ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಗೊಂಬೆಯಾಟವು ಇನ್ನೊಂದು ಬೆಳಕನ್ನು ಚೆಲ್ಲುತ್ತದೆ. 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದ ಕೊಗ್ಗ ಕಾಮತರ ಮನೆತನವು ಬಡಗುತಿಟ್ಟಿನ ವೇಷಭೂಷಣಗಳನ್ನೇ ತೊಟ್ಟ ಸೂತ್ರದ ಗೊಂಬೆಗಳನ್ನು ಭಾಗವತಿಕೆಗೆ ಅನುಗುಣವಾಗಿ ಕುಣಿಸುತ್ತ ಬಂದಿದೆ. ಮರದ ಮುಖದಲ್ಲಿ ಭಾವ ಬದಲಾಗುವುದಿಲ್ಲ. ಆದರೂ ನಿಲುವು, ತಲೆಯ ಓಲಾಟ, ಲಯಗಳಿಂದ ಪ್ರೇಕ್ಷಕನು ಶೋಕವನ್ನೋ ರೋಷವನ್ನೋ ಅನುಭವಿಸುತ್ತಾನೆ. ರೂಪವು ತಾನೇ ರಸವನ್ನು ಹುಟ್ಟಿಸಬಲ್ಲದೆಂಬ ಕಾರಂತರ ನಂಬುಗೆಗೆ ಇದಕ್ಕಿಂತ ಬಲವಾದ ಸಾಕ್ಷಿ ದೊರೆಯಲಾರದು. ಅದೇ ಸಮಯದಲ್ಲಿ ಗೊಂಬೆಗೂ ಮಾತು ಬೇಕು. ಮರೆಯಲ್ಲಿ ನಿಂತವರು ಅದಕ್ಕೆ ದನಿಗೂಡಿಸುತ್ತಾರೆ. ಒಂದೇ ಕಲೆಯು ಎರಡೂ ಪಕ್ಷಗಳಿಗೆ ಸಾಕ್ಷಿ ನುಡಿಯುತ್ತದೆ.

ರೂಪದ ಏಕತೆಗೆ ಎದುರಾಗಿ ರಂಜನೆಯ ನಿಲುವನ್ನು ಎತ್ತಿಹಿಡಿದದ್ದು ಡೇರೆ ಮೇಳಗಳ ರಂಗಸ್ಥಳ. ಹಣ ಕೊಟ್ಟು ಒಳಬಂದ ಪ್ರೇಕ್ಷಕನ ಮೆಚ್ಚುಗೆಯೇ ಅಲ್ಲಿ ಅಳತೆಗೋಲು. ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು (1958–1990) ಈ ಘಟ್ಟದ ಮುಖ್ಯ ವ್ಯಕ್ತಿ. ಕಾರಂತರ ಕೋಟಕ್ಕೂ ನಾವಡರ ಗುಂಡ್ಮಿಗೂ ಇರುವ ದೂರ ಅತ್ಯಲ್ಪ. ಕಲಾದೃಷ್ಟಿಯ ದೂರ ಮಾತ್ರ ದೊಡ್ಡದು. ನಾವಡರು ರಾಗಗಳ ಆಯ್ಕೆಯಲ್ಲಿಯೂ ವಿಸ್ತಾರದಲ್ಲಿಯೂ ಹೊಸತನವನ್ನು ತಂದು, ‘ನಾಗಶ್ರೀ’ಯಂಥ ಹೊಸ ಪ್ರಸಂಗಗಳನ್ನು ರಚಿಸಿ ಭಾಗವತಿಕೆಗೆ ಅಪಾರವಾದ ಜನಪ್ರಿಯತೆಯನ್ನು ಗಳಿಸಿಕೊಟ್ಟರು. ಮಟ್ಟು ಸಡಿಲವಾಯಿತೆಂದು ಕೆಲವರು ಆಕ್ಷೇಪಿಸಿದರೆ, ಹೊಸ ತಲೆಮಾರನ್ನು ಯಕ್ಷಗಾನದ ಕಡೆಗೆ ಸೆಳೆದದ್ದು ಈ ಕಂಠವೇ ಎಂದು ಇನ್ನು ಕೆಲವರು ಸಮರ್ಥಿಸಿದರು. ಚೆಲುವು ಕೃತಿಯ ಹೊಂದಾಣಿಕೆಯಲ್ಲಿದೆಯೋ ಕೇಳುಗನ ಹೃದಯದಲ್ಲಿದೆಯೋ ಎಂಬ ಹಳೆಯ ತಾತ್ತ್ವಿಕ ಪ್ರಶ್ನೆಯೇ ಈ ವಾದದ ಬೇರು. 1990ರಲ್ಲಿ ಅಪಘಾತವೊಂದರಲ್ಲಿ ನಾವಡರು ಅಕಾಲಿಕವಾಗಿ ನಿಧನರಾದುದರಿಂದ ಅವರ ಗಾನವು ಪ್ರೌಢವಯಸ್ಸಿನಲ್ಲಿ ತಾಳಬಹುದಾಗಿದ್ದ ರೂಪವನ್ನು ಕಾಣುವ ಅವಕಾಶ ತಪ್ಪಿಹೋಯಿತು.

ನಾಲ್ಕನೆಯ ನಿಲುವು ಸೇವೆಯದು. ಮಂದಾರ್ತಿ, ಮಾರಣಕಟ್ಟೆ ಮುಂತಾದ ಕ್ಷೇತ್ರಗಳ ಮೇಳಗಳು ಭಕ್ತರ ಹರಕೆಯ ಆಟಗಳನ್ನು ಆಡುತ್ತವೆ. ಮಂದಾರ್ತಿಯಲ್ಲಿ ಐದು ಮೇಳಗಳಿದ್ದರೂ ಹರಕೆ ಹೊತ್ತವರು ತಮ್ಮ ಸರದಿಗಾಗಿ ಹಲವು ವರ್ಷ ಕಾಯಬೇಕಾಗುತ್ತದೆ. ಇಲ್ಲಿ ಆಟವು ದೇವರಿಗೆ ಸಲ್ಲುವ ಪೂಜೆ. ಪ್ರೇಕ್ಷಕರು ವಿರಳವಾಗಿದ್ದರೂ ಚೌಕಿಪೂಜೆ, ಪೂರ್ವರಂಗದ ವಿಧಿ, ಮಂಗಳಗಳು ಲೋಪವಿಲ್ಲದೆ ನಡೆಯಬೇಕು. ಕಲೆಯನ್ನು ಆಸ್ವಾದಕನ ಅನುಭವದಿಂದಲೇ ವಿವರಿಸುವ ಸಿದ್ಧಾಂತಗಳಿಗೆ ಈ ಪದ್ಧತಿಯು ಒಂದು ಸವಾಲು. ಡೇರೆಯ ಪ್ರೇಕ್ಷಕನಿಗೆ ಬೇಸರ ತರಿಸೀತೆಂದು ಮೊಟಕಾದ ಎಷ್ಟೋ ಅಂಗಗಳಿಗೆ ಹರಕೆಯ ಆಟದಲ್ಲಿ ಆಶ್ರಯ ದೊರೆತದ್ದು ಇದೇ ಕಾರಣಕ್ಕಾಗಿ.

ಹೀಗೆ ಗತ್ತಿನ ನಿಲುವು ದೇಹದ ಶಿಸ್ತನ್ನೂ, ರೂಪದ ನಿಲುವು ಒಟ್ಟಂದವನ್ನೂ, ರಂಜನೆಯ ನಿಲುವು ಜನಸಂಪರ್ಕವನ್ನೂ, ಸೇವೆಯ ನಿಲುವು ವಿಧಿಯ ನಿರಂತರತೆಯನ್ನೂ ಕಾಪಾಡಿದವು. ಇವುಗಳಲ್ಲಿ ಯಾವೊಂದನ್ನೂ ಇನ್ನೊಂದರ ಅವನತಿಯೆಂದು ಬಣ್ಣಿಸುವುದು ಇತಿಹಾಸಕ್ಕೆ ನ್ಯಾಯ ಮಾಡಿದಂತಾಗದು. ಕಾರಂತರ ಗ್ರಂಥಗಳು ಮುದ್ರಿತವಾಗಿರುವುದರಿಂದ ಅವರು 1997ರಲ್ಲಿ ನಿಧನರಾದ ಮೇಲೆಯೂ ಅವರ ವಿಚಾರವನ್ನು ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಆಧಾರ ಉಳಿದಿದೆ. ಹಾರಾಡಿಯ ಒಂದು ನಿಲುವು, ಉಪ್ಪೂರರ ಒಂದು ಮಟ್ಟು ಹಾಗಲ್ಲ. ಅವು ಕಲಿತವರ ದೇಹದಲ್ಲಿಯೂ ಕಂಠದಲ್ಲಿಯೂ ಮಾತ್ರ ಉಳಿಯುತ್ತವೆ. ಕಲಿತವರು ಇಲ್ಲವಾದಾಗ ಅವುಗಳೊಡನೆ ಅವುಗಳ ಹಿಂದಿನ ವಿಚಾರವೂ ಇಲ್ಲವಾಗುತ್ತದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಂಥ ಸಂಸ್ಥೆಗಳಲ್ಲಿ ವೀರಭದ್ರ ನಾಯಕರಂಥವರು ಗುರುಗಳಾಗಿ ಕಲಿಸಿದ್ದರ ಮಹತ್ತ್ವ ಇಲ್ಲಿದೆ. ಕುಣಿತ, ಹಾಡುಗಳನ್ನು ಯಂತ್ರದಲ್ಲಿ ದಾಖಲಿಸುವುದು ಇಂದು ಕಷ್ಟದ ಕೆಲಸವಲ್ಲ. ಒಬ್ಬ ಹಿರಿಯ ಭಾಗವತರು ಒಂದು ಧಾಟಿಯನ್ನು ಒಪ್ಪಿ ಇನ್ನೊಂದನ್ನು ಏಕೆ ಬಿಟ್ಟರು, ಒಂದು ಹೆಜ್ಜೆಯನ್ನು ಹದವಾದುದೆಂದು ಹೇಗೆ ನಿರ್ಣಯಿಸಿದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದಿರಿಸುವ ಕೆಲಸ ಅದರ ಜೊತೆಗೆ ನಡೆಯಬೇಕಾಗಿದೆ. ಹಾಗೆ ಬರೆದಿರಿಸಿದಾಗ ಕನ್ನಡದ ಸೌಂದರ್ಯಮೀಮಾಂಸೆಯ ಗ್ರಂಥಗಳ ಸಾಲಿಗೆ ಈ ಕರಾವಳಿಯ ಚೌಕಿಯ ಮಾತೂ ಸೇರುತ್ತದೆ.