ಪಾಂಡುರೋಗವೂ ಲೋಹಚೂರ್ಣವೂ

ವಿಜಯಪುರದ ಜೋರಾಪುರ ಪೇಟೆಯಂತಹ ಹಳೆಯ ಪೇಟೆಗಳಲ್ಲಿ ಜೋಳದ ರೊಟ್ಟಿ ಬೇಯುವ ಕಬ್ಬಿಣದ ಹಂಚು ಎಲ್ಲರಿಗೂ ಪರಿಚಿತವಾದರೂ, ಆ ಲೋಹವೇ ಔಷಧವಾಗಿ ಮನುಷ್ಯನ ರಕ್ತವನ್ನು ಸೇರಿದ ಇತಿಹಾಸವನ್ನು ಬಲ್ಲವರು ವಿರಳ. ಚರಕಸಂಹಿತೆಯು ಪಾಂಡುರೋಗದ, ಎಂದರೆ ರಕ್ತಹೀನತೆಯ, ಪೂರ್ವರೂಪಗಳನ್ನೆಣಿಸುವಾಗ ಹೃದಯಸ್ಪಂದನವನ್ನೇ ಮೊದಲು ಹೆಸರಿಸುತ್ತದೆ. ರಕ್ತವು ಕ್ಷೀಣಿಸಿದಾಗ ದೇಹಕ್ಕೆ ಪ್ರಾಣವಾಯುವನ್ನೊದಗಿಸಲು ಗುಂಡಿಗೆಯು ಹೆಚ್ಚು ದುಡಿಯಬೇಕಾಗುವುದೆಂಬ ಇಂದಿನ ವೈದ್ಯರ ಮಾತಿಗೆ ಇದು ಎಷ್ಟು ಸಮೀಪ! ಆ ಗ್ರಂಥದ ನವಾಯಸ ಚೂರ್ಣದಲ್ಲಿ ತ್ರಿಕಟು, ತ್ರಿಫಲ, ಮುಸ್ತಾ, ವಿಡಂಗ, ಚಿತ್ರಕಗಳೆಂಬ 9 ದ್ರವ್ಯಗಳ ಒಂದೊಂದು ಭಾಗಕ್ಕೆ 9 ಭಾಗ ಲೋಹಚೂರ್ಣವನ್ನು ಬೆರೆಸಿ, ಜೇನು ತುಪ್ಪಗಳೊಡನೆ ರೋಗಿಗೆ ನೆಕ್ಕಿಸುವ ವಿಧಾನವಿದೆ. ಮಂಡೂರವೆಂಬ ಇನ್ನೊಂದು ಕಬ್ಬಿಣದ ಔಷಧಕ್ಕಾದರೋ ಕುಲುಮೆಯ ಕಿಟ್ಟವೇ ಮೂಲ. ನೂರು ವರ್ಷ ಹಳೆಯದಾದ ಕಿಟ್ಟವೇ ಶ್ರೇಷ್ಠವೆಂದು ಬಗೆದ ರಸವೈದ್ಯರು ಅದನ್ನು ಕೆಂಪಗೆ ಕಾಯಿಸಿ, ಗೋಮೂತ್ರದಲ್ಲಿ ಮತ್ತೆ ಮತ್ತೆ ಅದ್ದಿ ಶೋಧಿಸುತ್ತಿದ್ದರು. ತ್ರಿಫಲದೊಳಗಿನ ನೆಲ್ಲಿಯ ಹುಳಿಯು ಕಬ್ಬಿಣವನ್ನು ಕರುಳು ಹೀರಲು ನೆರವಾಗುವುದು ಅವರಿಗೆ ಅನುಭವದಿಂದಲೇ ಹೊಳೆದಿರಬೇಕೆಂದು ನನ್ನ ಊಹೆ.

ಫ್ರಾನ್ಸಿನ ವೈದ್ಯ ಬ್ಲೋ ಕಬ್ಬಿಣದ ಲವಣವಾದ ಅನ್ನಭೇದಿಯನ್ನು ಕ್ಷಾರದೊಡನೆ ಕೂಡಿಸಿ ತನ್ನ ಪ್ರಸಿದ್ಧ ಗುಳಿಗೆಯನ್ನು ಬಳಕೆಗೆ ತಂದುದು ಬಹಳ ತಡವಾಗಿ, 1832ರಲ್ಲಿ. ವಿಜಯಪುರ ಜಿಲ್ಲೆಯು ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆಯು ಗರ್ಭಿಣಿಯರಲ್ಲಿ ಕಬ್ಬಿಣಕ್ಕೂ ಬಗ್ಗದ ರಕ್ತಹೀನತೆಯೊಂದನ್ನು ಅಭ್ಯಸಿಸಿ, ಅದು ಯೀಸ್ಟಿನ ಸಾರಕ್ಕೆ ಬಗ್ಗುವುದನ್ನು ತೋರಿದರು. ಆ ಸಾರದ ಗುಣ ಫೋಲಿಕ್ ಆಮ್ಲದ್ದೆಂಬುದು ಮುಂದೆ ತಿಳಿಯಿತು. 1970ರಲ್ಲಿ ಭಾರತ ಸರಕಾರವು ಆರಂಭಿಸಿದ ರಕ್ತಹೀನತಾ ನಿವಾರಣ ಯೋಜನೆಯ ಗುಳಿಗೆಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಎರಡೂ ಕೂಡಿದವು. ಅದನ್ನು ಚಹದೊಡನೆ ಮಾತ್ರ ನುಂಗಬೇಡಿರಿ. ಚಹದ ಒಗರು ಕಬ್ಬಿಣವನ್ನು ರಕ್ತಕ್ಕೆ ಸೇರಗೊಡದು.