50.2: ಒಂದು ಅಂಕಿಯ ಕಥೆ



ನಮ್ಮ ಮನೆಗಳ ವಿದ್ಯುತ್ತಿನಂತೆ ಯುರೋಪಿನದೂ 50 ಹರ್ಟ್ಸ್ ಆವೃತ್ತಿಯದು. ಬಳಕೆಗಿಂತ ಉತ್ಪಾದನೆ ಹೆಚ್ಚಾದರೆ ಆವೃತ್ತಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಮಾಡಿನ ಮೇಲಿನ ಸೌರಫಲಕಗಳು ಇನ್ನೂ ವಿರಳವಾಗಿದ್ದ ಕಾಲದಲ್ಲಿ ಜರ್ಮನಿಯವರು ಒಂದು ನಿಯಮ ಮಾಡಿದರು: ಆವೃತ್ತಿ 50.2 ದಾಟಿದೊಡನೆ ಇನ್ವರ್ಟರ್ ಜಾಲದಿಂದ ಕಳಚಿಕೊಳ್ಳಬೇಕು. ಕಾಳಜಿ ಸರಿಯಾದದ್ದೇ. ಸರಬರಾಜು ನಿಂತಿದೆಯೆಂದು ನಂಬಿ ತಂತಿ ಮುಟ್ಟಿದ ಲೈನ್‌ಮನ್‌ಗೆ ಯಾರದೋ ಮಾಡಿನಿಂದ ಹರಿದುಬಂದ ವಿದ್ಯುತ್ ತಗುಲಬಾರದಲ್ಲವೇ?

ಆದರೆ 2011ರ ಕೊನೆಗೆ ಅಲ್ಲಿನ ಸೌರಸಾಮರ್ಥ್ಯ ಸುಮಾರು 25,000 ಮೆಗಾವ್ಯಾಟಿಗೆ ಬೆಳೆದಿತ್ತು; ಬಹುಪಾಲು ಊರೊಳಗಿನ ಕಡಿಮೆ ವೋಲ್ಟೇಜಿನ ಜಾಲಕ್ಕೆ ಸೇರಿದ್ದು. ಬಿಸಿಲಿನ ಮಧ್ಯಾಹ್ನ ಆ ಅಂಕಿ ಮುಟ್ಟಿದರೆ ಸಾವಿರಾರು ಮೆಗಾವ್ಯಾಟ್ ಒಂದೇ ಕ್ಷಣದಲ್ಲಿ ಇಲ್ಲವಾಗುತ್ತಿತ್ತು. ಹಠಾತ್ ನಷ್ಟಕ್ಕೆಂದು ಭೂಖಂಡದ ಇಡೀ ಜಾಲ ಕಾದಿರಿಸಿದ್ದುದು 3,000 ಮೆಗಾವ್ಯಾಟ್ ಮಾತ್ರ. ಗಂಟೆ ಹೊಡೆದೊಡನೆ ಎಲ್ಲ ತರಗತಿಗಳೂ ಒಂದೇ ಬಾಗಿಲಿಗೆ ನುಗ್ಗಿದಂತೆ!

ಇದು ಬರಿಯ ಊಹೆಯಾಗಿರಲಿಲ್ಲ. 2006ರ ನವೆಂಬರ್ 4ರ ರಾತ್ರಿ, ನಾರ್ವೇಜಿಯನ್ ಪರ್ಲ್ ಎಂಬ ಪ್ರವಾಸಿ ಹಡಗು ಎಮ್ಸ್ ನದಿಯಲ್ಲಿ ಸಾಗಲೆಂದು ನದಿಯ ಮೇಲಿನ ವಿದ್ಯುತ್ ಮಾರ್ಗವನ್ನು ನಿಲ್ಲಿಸಿದರು. ಹೊರೆ ಬೇರೆ ಮಾರ್ಗಗಳ ಮೇಲೆ ಬಿದ್ದು, ಅವು ಒಂದರ ಹಿಂದೊಂದು ಕಡಿದು, ಯುರೋಪಿನ ಜಾಲ ಮೂರು ಹೋಳಾಯಿತು. ಈಶಾನ್ಯ ಭಾಗದಲ್ಲಿ ಆವೃತ್ತಿ 51ನ್ನೂ ಮೀರಿತು. ಪಶ್ಚಿಮದಲ್ಲಿ 49ರ ಸಮೀಪಕ್ಕೆ ಕುಸಿದಾಗ ಅನೇಕ ಗಾಳಿಯಂತ್ರಗಳು ತಮ್ಮ ನಿಯಮದಂತೆ ಕಳಚಿಕೊಂಡು ಕೊರತೆಯನ್ನು ಹೆಚ್ಚಿಸಿದವು. ಸುಮಾರು ಒಂದೂವರೆ ಕೋಟಿ ಮನೆಗಳು ಕತ್ತಲಾದವು. ರಾತ್ರಿಯಾದ್ದರಿಂದ ಸೌರಫಲಕಗಳ ಪಾತ್ರವಿರಲಿಲ್ಲ. ಕೆಲವು ವರ್ಷ ಕಳೆದು, ಹಗಲಿನಲ್ಲಿ ನಡೆದಿದ್ದರೆ ಏನಾಗುತ್ತಿತ್ತೋ!

2012ರ ಜುಲೈಯಲ್ಲಿ ಶಾಸನ ಬಂದಿತು. 10 ಕಿಲೋವ್ಯಾಟಿಗಿಂತ ದೊಡ್ಡದಾದ ಸುಮಾರು 3,15,000 ಹಳೆಯ ಸ್ಥಾವರಗಳನ್ನು ತಿದ್ದಬೇಕಾಯಿತು. ಖರ್ಚು ಮಾಲೀಕರ ಮೇಲೆ ಬೀಳದೆ ಎಲ್ಲ ಗ್ರಾಹಕರ ಬಿಲ್ಲಿನಲ್ಲಿ ಹಂಚಿಹೋಯಿತು. ಫಲಕವೇ ಇಲ್ಲದ ಬಾಡಿಗೆದಾರನೂ ತೆತ್ತನೆಂಬುದು ನನಗೆ ಅಷ್ಟು ನ್ಯಾಯವೆನಿಸುವುದಿಲ್ಲ. ಹೊಸ ಇನ್ವರ್ಟರುಗಳಾದರೋ 50.2ರಲ್ಲಿ ಓಡಿಹೋಗುವುದಿಲ್ಲ, ಅಲ್ಲಿಂದ 51.5ರವರೆಗೆ ಉತ್ಪಾದನೆಯನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತವೆ.

ಇನ್ನೊಂದು ತೊಡಕು ಫ್ಯೂಸಿನದು. ತಂತಿಗೆ ತಂತಿ ತಗುಲಿದಾಗ ತಿರುಗುವ ಜನರೇಟರು ತನ್ನ ಸಾಮಾನ್ಯ ಪ್ರವಾಹದ ಹಲವು ಪಟ್ಟು ಹರಿಸುತ್ತದೆ, ಫ್ಯೂಸ್ ಕರಗುತ್ತದೆ. ಇನ್ವರ್ಟರಾದರೋ ತನ್ನ ಸೂಕ್ಷ್ಮ ಭಾಗಗಳ ರಕ್ಷಣೆಗಾಗಿ ಸಾಮಾನ್ಯಕ್ಕಿಂತ ತುಸುವೇ ಹೆಚ್ಚು ಹರಿಸುತ್ತದೆ. ದೋಷವಾಗಿದೆಯೆಂದು ಫ್ಯೂಸಿಗೆ ತಿಳಿಯುವುದೇ ಇಲ್ಲ.